ಕಾನೂನು ಬೇಡ ಅನ್ನಲಿಲ್ಲ, ಕಾರ್ಡ್ ಬೇಡ ಅಂದಿತು: ಜಪಾನಿನ ವಯಸ್ಕರ ಮಾಂಗಾಗೆ ಏನಾಯ್ತು?

2024ರ ಏಪ್ರಿಲ್‌ನಲ್ಲಿ ಜಪಾನಿನ ಡಿಎಲ್‌ಸೈಟ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನಡೆಯುವುದು ನಿಂತುಹೋಯಿತು. ಇದು 1996ರಿಂದ ಇರುವ ಅಂಗಡಿ. ವಯಸ್ಕರ ಕಾಮಿಕ್ಸ್, ಗೇಮ್, ಆಡಿಯೊ ನಾಟಕ ಮಾರುವುದರಲ್ಲಿ ಅಲ್ಲಿನ ದೊಡ್ಡ ಹೆಸರು. ನವೆಂಬರ್‌ನಲ್ಲಿ ಮಾಂಗಾ ಲೈಬ್ರರಿ ಝಡ್ ಎಂಬ ತಾಣ ಬಾಗಿಲು ಹಾಕಿತು. ಅದು ಅಚ್ಚಿನಲ್ಲಿ ಸಿಗದ ಹಳೆಯ ಮಾಂಗಾಗಳನ್ನು, ಅಂದರೆ ಜಪಾನಿ ಕಾಮಿಕ್ಸ್ ಪುಸ್ತಕಗಳನ್ನು, ಲೇಖಕರ ಒಪ್ಪಿಗೆ ಪಡೆದು ಓದಲು ಕೊಡುತ್ತಿತ್ತು. ಅದರ ಹಣ ಪಾವತಿ ನೋಡಿಕೊಳ್ಳುತ್ತಿದ್ದ ಮಧ್ಯವರ್ತಿ ಕಂಪನಿ ಒಪ್ಪಂದ ಮುರಿದುಕೊಂಡಿತು, ಅಷ್ಟೇ. ಡಿಸೆಂಬರ್‌ನಲ್ಲಿ ಮೆಲನ್‌ಬುಕ್ಸ್ ಎಂಬ ಪುಸ್ತಕ ಮಳಿಗೆಯ ಆನ್‌ಲೈನ್ ಅಂಗಡಿಯಲ್ಲೂ ವೀಸಾ, ಮಾಸ್ಟರ್‌ಕಾರ್ಡ್ ನಿಂತವು. ಮರುವರ್ಷ ಜುಲೈನಲ್ಲಿ ಬಿಸಿ ಅಮೆರಿಕದ ಸ್ಟೀಮ್, ಇಚ್ ಡಾಟ್ ಐಓ ಎಂಬ ಗೇಮ್ ಅಂಗಡಿಗಳಿಗೂ ತಟ್ಟಿತು.

ಪೊಲೀಸರು ಬರಲಿಲ್ಲ. ಕೋರ್ಟು ಆದೇಶ ಕೊಡಲಿಲ್ಲ. ಜಪಾನಿನ ಸಂಸತ್ತು ಹೊಸ ಕಾಯ್ದೆಯನ್ನೂ ತರಲಿಲ್ಲ. ನಿನ್ನೆ ತನಕ ಮಾರಲು ಅಡ್ಡಿಯಿಲ್ಲದ ಪುಸ್ತಕ ಇವತ್ತೂ ಅಡ್ಡಿಯಿಲ್ಲದ್ದೇ. ಆದರೆ ಆ ಕಾರ್ಡ್ ಕೊಟ್ಟು ಕೊಳ್ಳೋಕೆ ಆಗಲ್ಲ. ಹಾಗಾದರೆ ನಿಲ್ಲಿಸಿದವರು ಯಾರು? ಇದು ಅರ್ಥವಾಗಬೇಕಾದರೆ ಆ ದೇಶದಲ್ಲಿ ಇಂಥ ಚಿತ್ರಗಳನ್ನು ತಡೆಯುವ ಕೆಲಸ ಇಲ್ಲಿಯವರೆಗೆ ಯಾರ ಕೈಯಲ್ಲಿತ್ತು ಅಂತ ನೋಡಬೇಕು.

ಹಳೆಯ ಚಿತ್ರ, ಹೊಸ ನಾಚಿಕೆ

ಎಡೊ ಕಾಲದಲ್ಲಿ (1603ರಿಂದ 1868) ಶುಂಗಾ ಎಂಬ ಶೃಂಗಾರ ಚಿತ್ರಗಳು ಮರದ ಅಚ್ಚಿನಲ್ಲಿ ಮುದ್ರಣವಾಗುತ್ತಿದ್ದವು. ಮನೆಮನೆಗೆ ಪುಸ್ತಕ ಹೊತ್ತು ಬಾಡಿಗೆಗೆ ಕೊಡುವವರ ಗಂಟಿನಲ್ಲಿ ಇವೂ ಇರುತ್ತಿದ್ದವು. ಗಂಡಸರೂ ನೋಡುತ್ತಿದ್ದರು, ಹೆಂಗಸರೂ ನೋಡುತ್ತಿದ್ದರು. ದೊಡ್ಡ ಅಲೆಯ ಚಿತ್ರದಿಂದ ಲೋಕಕ್ಕೆಲ್ಲ ಗೊತ್ತಿರುವ ಹೊಕುಸಾಯ್ ಕೂಡ ಶುಂಗಾ ಬರೆದವನೇ. ಮುತ್ತು ಹೆಕ್ಕುವ ಹೆಂಗಸು ಮತ್ತು ಆಕ್ಟೋಪಸ್ ಇರುವ ಅವನ 1814ರ ಚಿತ್ರ ಇವತ್ತಿಗೂ ಚರ್ಚೆಗೆ ಬರುತ್ತದೆ.

ಆಗಲೂ ನಿಷೇಧ ಇತ್ತು ಅನ್ನೋದನ್ನ ಮರೆಯಬಾರದು. 1722ರಲ್ಲೇ ಸರ್ಕಾರ ಶೃಂಗಾರ ಪುಸ್ತಕಗಳನ್ನು ತಡೆಯುವ ಆಜ್ಞೆ ಹೊರಡಿಸಿತ್ತು. ಪ್ರಕಾಶಕರು ಹೆಸರು ಹಾಕದೆ ಅಚ್ಚು ಮಾಡಿದರು, ಅಧಿಕಾರಿಗಳು ಬಹಳ ಸಲ ಕಣ್ಣು ಮುಚ್ಚಿಕೊಂಡರು. ಬಿಗಿ ಬಂದದ್ದು 1868ರಲ್ಲಿ ಶುರುವಾದ ಮೇಜಿ ಕಾಲದಲ್ಲಿ. ಪಶ್ಚಿಮದವರ ಎದುರು ‘ಸುಧಾರಿಸಿದ ದೇಶ’ ಅನ್ನಿಸಿಕೊಳ್ಳುವ ಆತುರ ಅದು. 1872ರಲ್ಲಿ ಟೋಕಿಯೊದಲ್ಲಿ ಬಂದ ನಿಯಮಾವಳಿ ಶುಂಗಾ ಮಾರಾಟ, ಗಂಡು ಹೆಣ್ಣು ಒಟ್ಟಿಗೆ ಸ್ನಾನ ಮಾಡುವ ಸ್ನಾನಗೃಹ, ಬೀದಿಯಲ್ಲಿ ಬರಿಮೈ, ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿತು. ಆ ನಾಚಿಕೆ ಎಷ್ಟು ಗಟ್ಟಿಯಾಗಿ ಉಳಿಯಿತು ಅಂದರೆ, ಬ್ರಿಟಿಷ್ ಮ್ಯೂಸಿಯಂ 2013ರಲ್ಲಿ ಶುಂಗಾದ ದೊಡ್ಡ ಪ್ರದರ್ಶನ ನಡೆಸಿದ ಮೇಲೂ ಜಪಾನಿನ ಹಲವು ಮ್ಯೂಸಿಯಂಗಳು ಅದನ್ನು ತರಿಸಲು ಹಿಂದೇಟು ಹಾಕಿದವು. ಕೊನೆಗೆ 2015ರಲ್ಲಿ ಟೋಕಿಯೊದ ಐಸೇಯ್ ಬುಂಕೊ ಎಂಬ ಸಣ್ಣ ಮ್ಯೂಸಿಯಂ ಮುಂದೆ ಬಂತು. ಹದಿನೆಂಟು ದಾಟಿದವರಿಗೆ ಮಾತ್ರ ಪ್ರವೇಶ. ಆದರೂ ಸುಮಾರು 2 ಲಕ್ಷ ಜನ ಬಂದು ನೋಡಿದರು.

175ನೇ ಕಲಂ

1907ರ ದಂಡ ಸಂಹಿತೆಯ 175ನೇ ಕಲಂ ಅಶ್ಲೀಲ ವಸ್ತುಗಳನ್ನು ಹಂಚುವುದು ಅಪರಾಧ ಅನ್ನುತ್ತದೆ. ಇವತ್ತಿಗೂ ಅದೇ ಕಲಂ ಜಾರಿಯಲ್ಲಿದೆ. ಎರಡು ವರ್ಷದ ತನಕ ಸೆರೆ, 25 ಲಕ್ಷ ಯೆನ್ ತನಕ ದಂಡ. ಅಶ್ಲೀಲ ಅಂದರೆ ಏನು ಅಂತ ಕಲಂ ಹೇಳುವುದಿಲ್ಲ. ಇನ್ನೊಂದು ಕಡೆ 1947ರ ಸಂವಿಧಾನದ 21ನೇ ವಿಧಿ ಸೆನ್ಸಾರ್ ಮಾಡಲೇಬಾರದು ಅನ್ನುತ್ತದೆ. ಎರಡೂ ಒಂದೇ ದೇಶದ ಕಾನೂನು.

ಈ ತಿಕ್ಕಾಟವನ್ನು ಸುಪ್ರೀಂ ಕೋರ್ಟು 1957ರಲ್ಲಿ ಬಗೆಹರಿಸಿತು. ಡಿ.ಎಚ್. ಲಾರೆನ್ಸ್‌ನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ಅನುವಾದಕ ಮತ್ತು ಪ್ರಕಾಶಕರ ಮೇಲಿನ ಕೇಸು ಅದು. ವಿನಾಕಾರಣ ಕಾಮ ಕೆರಳಿಸುವುದು, ಸಾಮಾನ್ಯ ಜನರ ಲಜ್ಜೆಗೆ ಧಕ್ಕೆ ತರುವುದು, ಒಳ್ಳೆಯ ಲೈಂಗಿಕ ನೀತಿಗೆ ವಿರುದ್ಧವಾಗಿರುವುದು, ಈ ಮೂರೂ ಸೇರಿದರೆ ಅಶ್ಲೀಲ ಅಂತ ಕೋರ್ಟು ಹೇಳಿತು. ಇಬ್ಬರಿಗೂ ಶಿಕ್ಷೆ ಖಾಯಂ ಆಯಿತು.

ಅಳತೆಗೋಲು ಸಿಕ್ಕಿತು, ಆದರೆ ಅದರ ಮೇಲೆ ಗೀಟುಗಳಿಲ್ಲ. ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಅಂತ ಪೊಲೀಸರು ಹಿಡಿದಾಗಲೇ ಗೊತ್ತಾಗುವುದು. ಹೀಗಿದ್ದಾಗ ಪ್ರಕಾಶಕ ಏನು ಮಾಡುತ್ತಾನೆ? ಹಿಡಿಸಿಕೊಳ್ಳುವ ಮೊದಲೇ ತಾನೇ ಮುಚ್ಚುತ್ತಾನೆ. ಜನನಾಂಗದ ಮೇಲೆ ಕಪ್ಪು ಪಟ್ಟಿ, ಬಿಳಿ ಕಲೆ, ಚೌಕಚೌಕವಾಗಿ ಮಸುಕು ಮಾಡುವ ಮೊಸಾಯಿಕ್ ಬರಲು ಕಾರಣ ಇದು. ‘ಇಷ್ಟು ಮುಚ್ಚು’ ಅಂತ ಯಾವ ಕಾನೂನಿನಲ್ಲೂ ಬರೆದಿಲ್ಲ. ಕಾಲ ಬದಲಾದಂತೆ ಮುಚ್ಚುವ ಜಾಗವೂ ಬದಲಾಗಿದೆ. 1991ರ ತನಕ ಫೋಟೊ ಪುಸ್ತಕದಲ್ಲಿ ಗುಹ್ಯ ರೋಮ ಕಂಡರೆ ಕೇಸು ಬೀಳುವ ಭಯವಿತ್ತು. ಆ ವರ್ಷ ಹೆಸರಾಂತ ಛಾಯಾಗ್ರಾಹಕರ ಪುಸ್ತಕಗಳು ಹಾಗೇ ಬಂದವು, ಪೊಲೀಸರು ಕೇಸು ಹಾಕಲಿಲ್ಲ. ಕಾನೂನಿನ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಹುಡುಗಿಯರು, ಹವ್ಯಾಸಿಗಳು, ಹಣ

ವಯಸ್ಕರ ಮಾಂಗಾ ಅಂದರೆ ಗಂಡಸರು ಗಂಡಸರಿಗಾಗಿ ಬರೆದದ್ದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ. ದೊಡ್ಡವರಿಗೆಂದೇ ಬರೆದ ಗಂಭೀರ ಗೆಕಿಗಾ ಚಿತ್ರಕಥೆಗಳಿಂದ ಒಂದು ಕವಲು ಹೊರಟು 1970ರ ದಶಕದಲ್ಲಿ ಅಗ್ಗದ ಕಾಮ ಪತ್ರಿಕೆಗಳಾಯಿತು, ಅದು ಸರಿ. ಅದೇ ಹೊತ್ತಿಗೆ ಹುಡುಗಿಯರ ಪತ್ರಿಕೆಗಳಲ್ಲಿ ಬೇರೆಯೇ ಕ್ರಾಂತಿ ನಡೆದಿತ್ತು. ತಾಕೆಮಿಯಾ ಕೇಕೊ ಎಂಬ ಲೇಖಕಿ 1976ರಲ್ಲಿ ಆರಂಭಿಸಿದ ಧಾರಾವಾಹಿಯಲ್ಲಿ ಇಬ್ಬರು ಹುಡುಗರ ಪ್ರೇಮ, ಹಾಸಿಗೆ, ಹಿಂಸೆ ಎಲ್ಲ ಇತ್ತು. ಓದಿದವರು ಹೆಚ್ಚಾಗಿ ಹುಡುಗಿಯರು. ಇವತ್ತು ಬಿಎಲ್ (ಬಾಯ್ಸ್ ಲವ್) ಎಂದು ಕರೆಯುವ ದೊಡ್ಡ ಮಾರುಕಟ್ಟೆಯ ಬೇರು ಇಲ್ಲಿದೆ.

1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಮೊದಲ ಕಾಮಿಕೆಟ್ ನಡೆಯಿತು. 32 ಗುಂಪುಗಳು, ಸುಮಾರು 700 ಜನ. ಬಂದವರಲ್ಲಿ ಜಾಸ್ತಿ ಇದ್ದದ್ದು ಶಾಲಾ ಹುಡುಗಿಯರು. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಮೇಜು ಹಾಕಿಕೊಂಡು ಮಾರುವ ದೊಜಿನ್‌ಶಿ ಪುಸ್ತಿಕೆಗಳ ಸಂತೆ ಇದು. ಈಗ ಟೋಕಿಯೊ ಬಿಗ್ ಸೈಟ್‌ನಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಬರುವವರ ಲೆಕ್ಕ ಲಕ್ಷಗಳಲ್ಲಿ. ಪುಸ್ತಿಕೆಗಳಲ್ಲಿ ಎಲ್ಲವೂ ವಯಸ್ಕರಿಗಲ್ಲ, ಆದರೆ ವಯಸ್ಕರ ಪಾಲು ದೊಡ್ಡದೇ.

ಅಲ್ಲಿ ಬೆಳಗ್ಗೆ ನಡೆಯುವ ಒಂದು ಕೆಲಸವನ್ನು ಹತ್ತಿರದಿಂದ ನೋಡಿ. ಮಾರಾಟ ಶುರುವಾಗುವ ಮುಂಚೆ ಪ್ರತಿ ಗುಂಪೂ ತನ್ನ ಹೊಸ ಪುಸ್ತಿಕೆಯ ಒಂದು ಪ್ರತಿಯನ್ನು ಸ್ವಯಂಸೇವಕರಿಗೆ ಕೊಡಬೇಕು. ಅವರು ಪುಟ ತಿರುವಿ ನೋಡುತ್ತಾರೆ. ಮುಚ್ಚಬೇಕಾದದ್ದು ಸಾಕಷ್ಟು ಮುಚ್ಚಿಲ್ಲ ಅನ್ನಿಸಿದರೆ ಮಾರುವ ಹಾಗಿಲ್ಲ. ಆಗ ಬರೆದವರು ಮಾರ್ಕರ್ ಪೆನ್ ಹಿಡಿದು, ಮೇಜಿನ ಹಿಂದೆ ಕೂತು, ತಂದ ಪ್ರತಿಯೊಂದು ಪುಸ್ತಿಕೆಯ ಆ ಪುಟಕ್ಕೂ ಕಪ್ಪು ಬಳಿಯಬೇಕು. ಪೊಲೀಸರ ಸುಳಿವೂ ಇಲ್ಲದ ಜಾಗದಲ್ಲಿ ಇಷ್ಟು ಕಟ್ಟುನಿಟ್ಟು. ಒಂದು ಪುಸ್ತಿಕೆಯಿಂದ ಕೇಸಾದರೆ ಇಡೀ ಸಂತೆಗೆ ಸಭಾಂಗಣ ಸಿಗದೆ ಹೋಗಬಹುದಲ್ಲ, ಅದೇ ಕಾರಣ.

ಅಡ್ಡಿಯೇ ರೂಪ ಕೊಟ್ಟಾಗ

ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಚಿತ್ರಗಳ ಕಡೆಗೆ ಬಂದರೆ, ತಿರುವು ಕೊಟ್ಟದ್ದು ವಿಡಿಯೊ ಕ್ಯಾಸೆಟ್. 1983ರ ಕೊನೆಗೆ ಟೀವಿಗೂ ಅಲ್ಲದ, ಥಿಯೇಟರಿಗೂ ಅಲ್ಲದ, ನೇರ ಕ್ಯಾಸೆಟ್‌ಗೆಂದೇ ಮಾಡಿದ ಮೊದಲ ಅನಿಮೆ ಬಂತು. ಮರುವರ್ಷವೇ ವಯಸ್ಕರ ಕ್ಯಾಸೆಟ್ ಸರಣಿಗಳು ಸಾಲುಗಟ್ಟಿದವು. ಟೀವಿ ಚಾನೆಲಿನ ಹಂಗಿಲ್ಲ, ಪ್ರಾಯೋಜಕರ ಕಾಟವಿಲ್ಲ. ಮನೆಯಲ್ಲಿ ಕೂತು ನೋಡಬಹುದು.

ಮಾಯೆದಾ ತೋಶಿಯೊ ಎಂಬ ಕಲಾವಿದ 1986ರಲ್ಲಿ ಬರೆಯಲು ತೊಡಗಿದ ರಾಕ್ಷಸರ ಕಥೆ ಮರುವರ್ಷ ಅನಿಮೆ ಆಯಿತು, ಮುಂದೆ ಹೊರದೇಶಗಳಲ್ಲೂ ಹೆಸರು ಕೆಡಿಸಿಕೊಂಡಿತು. ಅದರಲ್ಲಿ ಬಳ್ಳಿಯಂಥ ರಾಕ್ಷಸ ಅಂಗಗಳು ಮನುಷ್ಯರ ಅಂಗದ ಕೆಲಸ ಮಾಡುತ್ತವೆ. ಹೀಗೇಕೆ ಅಂದರೆ ಉತ್ತರ ಸರಳ: ಮನುಷ್ಯನ ಅಂಗ ಬರೆದರೆ 175ನೇ ಕಲಂ, ರಾಕ್ಷಸನ ಅಂಗಕ್ಕೆ ಯಾವ ಕಲಂ? ಇದನ್ನು ಕಲಾವಿದನೇ ಬಾಯಿಬಿಟ್ಟು ಹೇಳಿದ್ದಾನೆ. ಹೊರಗಿನವರು ‘ಜಪಾನೀಯರ ವಿಚಿತ್ರ ಮನಸ್ಸು’ ಅಂತ ನಗುವ ವಿಷಯದ ಹಿಂದೆ ವಕೀಲರ ಭಯವೂ ಇತ್ತು, ಹೊಕುಸಾಯ್‌ನ ಆಕ್ಟೋಪಸ್ ಒಂದೇ ಅಲ್ಲ.

1989ರ ನಂತರ

ನಾಲ್ಕು ಪುಟ್ಟ ಹುಡುಗಿಯರನ್ನು ಕೊಂದ ಯುವಕನೊಬ್ಬ 1989ರಲ್ಲಿ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ರಾಶಿ ಬಿದ್ದಿದ್ದ ವಿಡಿಯೊ ಕ್ಯಾಸೆಟ್‌ಗಳನ್ನು ಟೀವಿಯವರು ತೋರಿಸಿದ್ದೇ ತೋರಿಸಿದ್ದು. ಮಾಂಗಾ, ಅನಿಮೆ ಹುಚ್ಚಿನವರೆಲ್ಲ ಅಪಾಯಕಾರಿಗಳು ಎಂಬ ಭಾವನೆ ಬೇರೂರಿತು. ಮರುವರ್ಷ ವಾಕಾಯಾಮಾ ಪ್ರಾಂತದ ತಾನಾಬೆ ಎಂಬ ಊರಿನ ಗೃಹಿಣಿಯರು ‘ಹಾನಿಕರ ಕಾಮಿಕ್ಸ್’ ವಿರುದ್ಧ ದನಿ ಎತ್ತಿದರು, ಅದು ದೇಶವಿಡೀ ಹಬ್ಬಿತು. ಅವರ ಸಿಟ್ಟಿಗೆ ಕಾರಣವಿತ್ತು: ಮಕ್ಕಳು ಕೈಹಾಕುವ ಕಪಾಟಿನಲ್ಲೇ ಎಲ್ಲ ಬೆರೆತು ಕೂತಿದ್ದವು. 1991ರಲ್ಲಿ ದೊಜಿನ್‌ಶಿ ಮಾರಿದ ಪುಸ್ತಕದಂಗಡಿಯವರನ್ನು ಟೋಕಿಯೊದಲ್ಲಿ ಬಂಧಿಸಲಾಯಿತು.

ಉತ್ತರ ಕೊಟ್ಟದ್ದು ಮತ್ತೆ ಉದ್ಯಮವೇ. 1991ರಿಂದ ಪ್ರಕಾಶಕರು ಮುಖಪುಟದ ಮೇಲೆ ‘ವಯಸ್ಕರ ಕಾಮಿಕ್’ ಗುರುತು ಹಾಕತೊಡಗಿದರು, ಅಂಗಡಿಯವರು ಕಪಾಟು ಬೇರೆ ಮಾಡಿದರು. 1992ರಲ್ಲಿ ಕಂಪ್ಯೂಟರ್ ಗೇಮ್ ಕಂಪನಿಗಳು ತಮ್ಮದೇ ಪರಿಶೀಲನಾ ಸಂಸ್ಥೆ ಕಟ್ಟಿಕೊಂಡವು. ಗುರುತು ಬಂದದ್ದರಿಂದ ಆದ ಇನ್ನೊಂದು ಪರಿಣಾಮವನ್ನು ಯಾರೂ ನಿರೀಕ್ಷಿಸಿರಲಿಲ್ಲ. ‘ಇದು ದೊಡ್ಡವರಿಗೆ’ ಅಂತ ಮುಖಪುಟದಲ್ಲೇ ಹೇಳಿದ ಮೇಲೆ ಒಳಗಿನ ಚಿತ್ರಗಳು ಇನ್ನಷ್ಟು ಬಿಚ್ಚಿಕೊಂಡವು.

ಅದಕ್ಕೆ ತಡೆ ಬಿದ್ದದ್ದು 2002ರಲ್ಲಿ. ಶೋಬುಂಕಾನ್ ಪ್ರಕಾಶನದ ‘ಮಿಸ್ಶಿತ್ಸು’ ಎಂಬ ಮಾಂಗಾ ಸಂಕಲನದಲ್ಲಿ ಮುಚ್ಚಿಗೆ ತೀರ ತೆಳುವಾಗಿದೆ ಅಂತ ಕೇಸಾಯಿತು. ಅದರ ಮೂಲ ಒಬ್ಬ ತಂದೆ ಸಂಸದರಿಗೆ ಬರೆದ ದೂರಿನ ಪತ್ರ. ಮಾಂಗಾವೊಂದು 175ನೇ ಕಲಂ ಅಡಿ ವಿಚಾರಣೆಗೆ ನಿಂತದ್ದು ಅದೇ ಮೊದಲು. ಬರೆದ ಚಿತ್ರ ಫೋಟೊದಷ್ಟು ಕೆರಳಿಸುತ್ತದೆಯೇ ಎಂಬ ಪ್ರಶ್ನೆ ವರ್ಷಗಟ್ಟಲೆ ಕೋರ್ಟಿನಲ್ಲಿ ಚರ್ಚೆಯಾಯಿತು. ಮೊದಲ ಕೋರ್ಟು ಪ್ರಕಾಶಕನಿಗೆ ಅಮಾನತಿನಲ್ಲಿಟ್ಟ ಸೆರೆವಾಸ ವಿಧಿಸಿತು. ಮೇಲಿನ ಕೋರ್ಟು ಅದನ್ನು 15 ಲಕ್ಷ ಯೆನ್ ದಂಡಕ್ಕೆ ಇಳಿಸಿತು, 2007ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಆರೋಪಿ ಸೋತ, ನಿಜ. ಆದರೆ ಅವನಿಗೆ ವಕೀಲರಿದ್ದರು, ತಜ್ಞ ಸಾಕ್ಷಿಗಳಿದ್ದರು, ಕಾರಣ ಬರೆದ ತೀರ್ಪಿತ್ತು, ಮೇಲ್ಮನವಿ ಇತ್ತು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

2019ರ ಆಗಸ್ಟ್ ಹೊತ್ತಿಗೆ ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಎಂಬ ಬೀದಿಬೀದಿಯ ಅಂಗಡಿ ಸರಪಳಿಗಳು ಮೂರೂ ವಯಸ್ಕರ ಪತ್ರಿಕೆಗಳನ್ನು ಕಪಾಟಿನಿಂದ ಇಳಿಸಿದವು. ಟೋಕಿಯೊ ಒಲಿಂಪಿಕ್ಸ್‌ಗೆ ವಿದೇಶಿಯರು ಬರುವವರಿದ್ದರು. ಮೇಜಿ ಕಾಲದ ಆತುರವೇ ಇದು, ಅಲ್ವಾ? ಮುದ್ರಿತ ಪತ್ರಿಕೆಗಳಿಗೆ ದೊಡ್ಡ ಮಾರುಕಟ್ಟೆ ತಪ್ಪಿತು. ವ್ಯಾಪಾರ ಆನ್‌ಲೈನ್‌ಗೆ ಇನ್ನಷ್ಟು ವಾಲಿತು. ಆನ್‌ಲೈನ್ ಅಂದರೆ ಕಾರ್ಡ್.

ಕಾರ್ಡ್ ಒಳಗೆ ಬಂದದ್ದು ಹೇಗೆ

ವೀಸಾ, ಮಾಸ್ಟರ್‌ಕಾರ್ಡ್ ಅಂಗಡಿಯ ಜೊತೆ ನೇರ ವ್ಯವಹಾರ ಮಾಡುವುದಿಲ್ಲ. ಅಂಗಡಿಗೂ ಅವಕ್ಕೂ ನಡುವೆ ಒಂದು ಬ್ಯಾಂಕ್, ಬಹಳ ಸಲ ಒಂದು ಪಾವತಿ ಮಧ್ಯವರ್ತಿ ಕಂಪನಿ ಇರುತ್ತದೆ. ಅಂಗಡಿ ತಪ್ಪು ಮಾಡಿದರೆ ಕಾರ್ಡ್ ಜಾಲ ಹಿಡಿಯುವುದು ಆ ಬ್ಯಾಂಕನ್ನು. ಬ್ಯಾಂಕಿಗೆ ಒಂದು ಅಂಗಡಿಯಿಂದ ಬರುವ ಕಮಿಷನ್ ಅಲ್ಪ, ಜಾಲದಿಂದಲೇ ಹೊರಬಿದ್ದರೆ ನಷ್ಟ ಅಪಾರ. ಹಾಗಾಗಿ ಅನುಮಾನ ಬಂದರೆ ಅದು ಅಂಗಡಿಯನ್ನೇ ಬಿಡುತ್ತದೆ.

ಬಿಗಿಯಾಗಲು ಕಾರಣ ಜಪಾನ್ ಅಲ್ಲ. 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಬರಹವೊಂದು ಪೋರ್ನ್‌ಹಬ್ ಎಂಬ ವಯಸ್ಕರ ವಿಡಿಯೊ ತಾಣದಲ್ಲಿ ಅಪ್ರಾಪ್ತರ, ಅತ್ಯಾಚಾರದ ವಿಡಿಯೊಗಳಿವೆ ಎಂದು ಬಯಲು ಮಾಡಿತು. ಎರಡೂ ಕಾರ್ಡ್ ಕಂಪನಿಗಳು ಅಲ್ಲಿಂದ ಕಾಲ್ತೆಗೆದವು. 2021ರ ಅಕ್ಟೋಬರ್‌ನಿಂದ ಮಾಸ್ಟರ್‌ಕಾರ್ಡ್ ಹೊಸ ನಿಯಮ ತಂದಿತು: ವಿಡಿಯೊದಲ್ಲಿ ಇರುವವರ ವಯಸ್ಸು, ಗುರುತು, ಒಪ್ಪಿಗೆಯ ದಾಖಲೆ ಇರಬೇಕು. 2022ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು, ಅಂಥ ತಾಣಕ್ಕೆ ಹಣ ಹರಿಯಲು ಬಿಟ್ಟ ವೀಸಾ ಮೇಲೂ ದಾವೆ ಮುಂದುವರಿಯಲಿ ಎಂದರು. ಕಾರ್ಡ್ ಕಂಪನಿಗಳ ವಕೀಲರು ಬೆಚ್ಚಿಬಿದ್ದಿರಬೇಕು.

ನಿಯಮ ಹುಟ್ಟಿದ್ದು ಕ್ಯಾಮೆರಾ ಮುಂದೆ ನಿಂತ ಮನುಷ್ಯರಿಗಾಗಿ. ಅದು ಸರಿಯಾದ ನಿಯಮವೇ. ಆದರೆ ಅಪಾಯದ ಭಯ ಚಿತ್ರ, ಫೋಟೊ ಅಂತ ನೋಡಲಿಲ್ಲ. 2022ರ ಜುಲೈನಲ್ಲಿ ಜಪಾನಿನ ಡಿಎಂಎಂ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾಸ್ಟರ್‌ಕಾರ್ಡ್ ನಿಂತಿತು. ಆ ವರ್ಷದ ಕೊನೆಗೆ ಕಲಾವಿದರು ಚಿತ್ರ ಹಾಕುವ ಪಿಕ್ಸಿವ್ ಎಂಬ ತಾಣ ತನ್ನ ಮಾರಾಟ ಸೇವೆಗಳಲ್ಲಿ ಕೆಲವು ಬಗೆಯ ಚಿತ್ರಗಳನ್ನು ತಡೆಯಿತು. ಡಿಎಲ್‌ಸೈಟ್ 2024ರ ಮಾರ್ಚ್‌ನಲ್ಲಿ ಇನ್ನೊಂದು ದಾರಿ ಹುಡುಕಿತು. ಕಾರ್ಡ್ ಕಂಪನಿಗಳ ಕೋರಿಕೆಯಂತೆ ಅಂತ ಹೇಳಿ ವಿಭಾಗಗಳ ಹೆಸರು ಬದಲಿಸಿತು. ‘ಗುಲಾಮ’ ಹೋಗಿ ‘ಆಳು’ ಆಯಿತು, ‘ವಶೀಕರಣ’ ಹೋಗಿ ‘ಟ್ರಾನ್ಸ್’ (ಮಂಪರು) ಆಯಿತು. ಪುಸ್ತಕಗಳು ಹಾಗೇ ಇದ್ದವು. ಈ ಉಪಾಯ ಕೆಲವೇ ದಿನ ನಡೆಯಿತು.

ನಿಜವಾಗಿ ಬೇಡ ಅಂದವರು ಯಾರು ಅಂತ ಹುಡುಕಿದರೆ ಕೈಗೆ ಯಾರೂ ಸಿಗುವುದಿಲ್ಲ. ಜಪಾನಿನ ಮೇಲ್ಮನೆ ಸದಸ್ಯ ಯಾಮಾದಾ ತಾರೊ 2024ರಲ್ಲಿ ಅಮೆರಿಕದಲ್ಲಿರುವ ವೀಸಾ ಕಾರ್ಡ್ ಕಂಪನಿಯ ಕಚೇರಿಗೆ ಹೋಗಿ ಕೇಳಿದರು; ಕಾನೂನಿಗೆ ಒಪ್ಪಿದ ಸರಕನ್ನು ತಡೆಯಲು ತಾವು ಹೇಳಿಲ್ಲ ಎಂಬ ಉತ್ತರ ತಂದರು. ಸ್ಟೀಮ್ ವಿಷಯದಲ್ಲೂ ಅಷ್ಟೇ. ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಎಂಬ ಸಂಘಟನೆ ಅತ್ಯಾಚಾರದ ಗೇಮ್‌ಗಳ ವಿರುದ್ಧ ಪಾವತಿ ಕಂಪನಿಗಳಿಗೆ ಬರೆದಿತ್ತು. ಗೇಮ್‌ಗಳು ಹೋದ ಮೇಲೆ 2025ರ ಆಗಸ್ಟ್‌ನಲ್ಲಿ ಮಾಸ್ಟರ್‌ಕಾರ್ಡ್, ತಾನು ಯಾವ ಗೇಮನ್ನೂ ಪರಿಶೀಲಿಸಿಲ್ಲ, ತಡೆಯಲು ಹೇಳಿಯೂ ಇಲ್ಲ ಎಂದಿತು. ಸ್ಟೀಮ್ ನಡೆಸುವ ವಾಲ್ವ್ ಹೇಳಿದ್ದು ಬೇರೆ: ಮಾಸ್ಟರ್‌ಕಾರ್ಡ್ ನಮ್ಮ ಜೊತೆ ಮಾತಾಡಲಿಲ್ಲ, ಮಧ್ಯವರ್ತಿಗಳು ಮಾಸ್ಟರ್‌ಕಾರ್ಡಿನ ‘ಬ್ರ್ಯಾಂಡಿಗೆ ಹಾನಿ’ ನಿಯಮ ತೋರಿಸಿ ನಿರಾಕರಿಸಿದರು. ಇಬ್ಬರ ಮಾತೂ ಒಟ್ಟಿಗೆ ನಿಜವಾಗಿರಬಹುದು. ತೊಂದರೆ ಇರುವುದೇ ಅಲ್ಲಿ.

ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲವೇ?

ಇದೆ. ಮಕ್ಕಳಂತೆ ಕಾಣುವ ಪಾತ್ರಗಳನ್ನು ಕಾಮದ ಚಿತ್ರಗಳಲ್ಲಿ ತರುವ ಒಂದು ಧಾರೆ ಈ ಉದ್ಯಮದಲ್ಲಿ 1980ರ ದಶಕದಿಂದಲೂ ಇದೆ. ಜಪಾನ್ 1999ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧ ಕಾಯ್ದೆ ತಂದಿತು, 2014ರಲ್ಲಿ ಇಟ್ಟುಕೊಳ್ಳುವುದನ್ನೂ ಅಪರಾಧ ಮಾಡಿತು. ಆದರೆ ಕೈಯಲ್ಲಿ ಬರೆದ ಚಿತ್ರವನ್ನು ಹೊರಗಿಟ್ಟಿತು. ಚಿತ್ರದಲ್ಲಿ ಸಂತ್ರಸ್ತ ಮಗು ಇಲ್ಲ ಎಂಬುದು ಅದರ ತರ್ಕ. ಇಂಥ ಚಿತ್ರ ಮಕ್ಕಳನ್ನು ಹಾಗೆ ನೋಡುವುದು ಸಹಜ ಅನ್ನಿಸುತ್ತದೆ ಅನ್ನುವವರು ಇದನ್ನು ಒಪ್ಪುವುದಿಲ್ಲ. ಬ್ರಿಟನ್ 2009ರ ಕಾಯ್ದೆಯಲ್ಲಿ ಬರೆದ ಚಿತ್ರವನ್ನೂ ಸೇರಿಸಿದೆ. ಅಮೆರಿಕದ ಅಯೋವಾದಲ್ಲಿ ಜಪಾನಿನಿಂದ ಮಾಂಗಾ ತರಿಸಿಕೊಂಡ ಸಂಗ್ರಾಹಕನೊಬ್ಬ 2010ರಲ್ಲಿ ಆರು ತಿಂಗಳ ಜೈಲು ಶಿಕ್ಷೆಗೆ ಒಳಗಾದ. ಇನ್ನೂರು ದೇಶಗಳಲ್ಲಿ ವ್ಯಾಪಾರ ಮಾಡುವ ಕಂಪನಿ ಅತಿ ಬಿಗಿ ಕಾನೂನಿನ ಕಡೆ ವಾಲುವುದರಲ್ಲಿ ಆಶ್ಚರ್ಯವಿಲ್ಲ.

ಟೋಕಿಯೊ ಪ್ರಾಂತವೂ 2010ರಲ್ಲಿ ಒಂದು ಪ್ರಯತ್ನ ಮಾಡಿತು. ಅಪ್ರಾಪ್ತರಂತೆ ಕಾಣುವ ಕಾಲ್ಪನಿಕ ಪಾತ್ರಗಳಿರುವ ಪುಸ್ತಕಗಳನ್ನು ಮಕ್ಕಳಿಂದ ದೂರವಿಡುವ ಮಸೂದೆ ಅದು. ಮಾಂಗಾ ಲೇಖಕರು ಗಲಾಟೆ ಎಬ್ಬಿಸಿದರು, ಮೊದಲ ಕರಡು ಬಿದ್ದುಹೋಯಿತು, ತಿದ್ದಿದ ರೂಪ ಡಿಸೆಂಬರ್‌ನಲ್ಲಿ ಪಾಸಾಯಿತು. ಯಾರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. ಆದರೂ ವಾದ ಬಯಲಲ್ಲಿ ನಡೆಯಿತು. ನನಗೆ ಕಾಣುವ ವ್ಯತ್ಯಾಸ ಇದು. ಒಂದು ಬಗೆಯ ಚಿತ್ರ ಬೇಡವೇ ಬೇಡ ಅಂತ ಸಮಾಜಕ್ಕೆ ಅನ್ನಿಸಿದರೆ ಅದಕ್ಕೆ ಕಾನೂನು ಮಾಡುವ ಜಾಗ ಇದೆ. ಕಾರ್ಡ್ ತಡೆ ಆ ಧಾರೆಯನ್ನು ಮಾತ್ರ ತಟ್ಟಿಲ್ಲ. ಹುಡುಗಿಯರು ಓದುವ ಬಿಎಲ್‌ಗೂ, ಮಾಂಗಾ ಲೈಬ್ರರಿಯ ಹಳೆಯ ಸಾಧಾರಣ ಕಥೆಗಳಿಗೂ ಒಟ್ಟಿಗೇ ತಟ್ಟಿದೆ.

ನಮ್ಮಲ್ಲಿ

ಜಪಾನಿನ ಕೋರ್ಟು 1957ರಲ್ಲಿ ನೋಡಿದ ಅದೇ ಲಾರೆನ್ಸ್ ಕಾದಂಬರಿ 1964ರಲ್ಲಿ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. ಬಾಂಬೆಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿಗೆ ಆದ ಶಿಕ್ಷೆ ಖಾಯಂ ಆಯಿತು. ಆಗ ಬಳಸಿದ ಹಳೆಯ ಬ್ರಿಟಿಷ್ ಅಳತೆಗೋಲನ್ನು ಕೋರ್ಟು ಕೈಬಿಟ್ಟದ್ದು 2014ರಲ್ಲಿ. ಆದರೆ ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ಜಪಾನಿಗಿಂತ ಬಿಗಿ. ಪೋಕ್ಸೊ ಕಾಯ್ದೆಯ 2019ರ ತಿದ್ದುಪಡಿ, ಸೃಷ್ಟಿಸಿದ ಅಥವಾ ಮಾರ್ಪಡಿಸಿದ, ಮಗುವಿನಂತೆ ಕಾಣುವ ಚಿತ್ರವನ್ನೂ ಒಳಗೆ ತರುತ್ತದೆ. ಜಪಾನಿನಲ್ಲಿ ಕೇಸಾಗದ ಫೈಲು ಬೆಂಗಳೂರಿನಲ್ಲಿ ಯಾರದೋ ಫೋನಿನಲ್ಲಿದ್ದರೆ ‘ಅದು ಬರೀ ಅನಿಮೆ’ ಎಂಬ ಮಾತು ರಕ್ಷಣೆ ಕೊಡುತ್ತದೆ ಅಂತ ನಂಬಿಕೂರುವುದು ಬೇಡ.

ಮುಂದೇನು

ಜಪಾನಿನೊಳಗೆ ವ್ಯಾಪಾರ ನಿಲ್ಲಲಾರದು. 1961ರಿಂದ ಇರುವ ಜೆಸಿಬಿ ಅವರದೇ ಕಾರ್ಡ್, ಅದು ಡಿಎಲ್‌ಸೈಟ್‌ನಲ್ಲಿ ನಡೆಯುತ್ತದೆ. ಪಕ್ಕದ ಅಂಗಡಿಯಲ್ಲಿ ನಗದು ಕೊಟ್ಟು ಆನ್‌ಲೈನ್ ಬಿಲ್ ಕಟ್ಟುವ ಪದ್ಧತಿ ಅಲ್ಲಿ ಹಳೆಯದು. ಕಾಮಿಕೆಟ್ ಸಂತೆಯಂತೂ ಇವತ್ತಿಗೂ ಹೆಚ್ಚಾಗಿ ನೋಟು, ನಾಣ್ಯದ ಮೇಲೆ ನಡೆಯುತ್ತದೆ. ಪೆಟ್ಟು ಬೀಳುವುದು ಇಬ್ಬರಿಗೆ. ಒಬ್ಬರು ವೀಸಾ, ಮಾಸ್ಟರ್‌ಕಾರ್ಡ್ ಬಿಟ್ಟರೆ ಬೇರೆ ದಾರಿ ಇಲ್ಲದ ಹೊರದೇಶದ ಓದುಗರು. ದುಡ್ಡು ಕೊಟ್ಟು ಕೊಳ್ಳುತ್ತಿದ್ದವರು ಕಳ್ಳಪ್ರತಿಯ ತಾಣಗಳಿಗೆ ಹೋಗುತ್ತಾರೆ. ಅಲ್ಲಿ ವಯಸ್ಸಿನ ತಪಾಸಣೆಯೂ ಇಲ್ಲ, ಮೊಸಾಯಿಕ್ಕೂ ಇಲ್ಲ. ಇನ್ನೊಬ್ಬರು ಆ ಹೊರಗಿನ ಓದುಗರನ್ನು ನಂಬಿದ್ದ ಸಣ್ಣ ಕಲಾವಿದರು.

ಅಮೆರಿಕದಲ್ಲಿ ಬ್ಯಾಂಕುಗಳು ಕಾನೂನಿಗೆ ಒಪ್ಪಿದ ವ್ಯಾಪಾರವನ್ನು ದೂರವಿಡಬಾರದು ಎಂಬ ಅಧ್ಯಕ್ಷರ ಆದೇಶ 2025ರ ಆಗಸ್ಟ್‌ನಲ್ಲಿ ಹೊರಟಿತು. ಅದರ ಗುರಿ ಬ್ಯಾಂಕುಗಳು, ಕಾರ್ಡ್ ಜಾಲದ ‘ಬ್ರ್ಯಾಂಡಿಗೆ ಹಾನಿ’ ನಿಯಮ ಅಲ್ಲ. ಜಪಾನಿನಲ್ಲಿ ಯಾಮಾದಾ ಅವರಂಥ ಸದಸ್ಯರು ಸಂಸತ್ತಿನಲ್ಲಿ ವಿಷಯ ಎತ್ತುತ್ತಿದ್ದಾರೆ, ಆದರೆ ನಿಯಮ ಬರೆಯುವವರು ಅವರ ದೇಶದಲ್ಲಿಲ್ಲ. ನಿರಾಕರಣೆಗೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಅದನ್ನು ಪ್ರಶ್ನಿಸಲು ಒಂದು ವೇದಿಕೆ ಇರಬೇಕು ಎಂಬಷ್ಟನ್ನಾದರೂ ಯಾವುದಾದರೂ ಸರ್ಕಾರ ಕಡ್ಡಾಯ ಮಾಡುವ ತನಕ, ಮುಂದಿನ ಅಂಗಡಿ ಯಾವುದು ಅಂತ ಆ ಅಂಗಡಿಯವರಿಗೂ ಮೊದಲೇ ಗೊತ್ತಾಗುವುದಿಲ್ಲ.